ಕಿತ್ತದ್ದು ಒಂದು ದಿನ, ಕಾದದ್ದು ಏಳು ವರ್ಷ



ಜುಲೈ ತಿಂಗಳು ಬಂತೆಂದರೆ ನಮ್ಮ ಕಚೇರಿಗೆ ವನಮಹೋತ್ಸವದ ಆಹ್ವಾನ ಪತ್ರಿಕೆಗಳು ಬರತೊಡಗುತ್ತವೆ. ನಾವು ಕ್ಯಾಮೆರಾ ಹೊತ್ತು ಹೋಗುತ್ತೇವೆ. ಗಣ್ಯರು ಸಸಿ ನೆಡುತ್ತಾರೆ, ಬಿಂದಿಗೆಯಿಂದ ನೀರೆರೆಯುತ್ತಾರೆ, ಸಂಜೆಗೆ ಎರಡು ನಿಮಿಷದ ಸುದ್ದಿ ಸಿದ್ಧವಾಗುತ್ತದೆ. ಇಂಥ ಎಷ್ಟೋ ಸಮಾರಂಭಗಳನ್ನು ನಾನೇ ಚಿತ್ರೀಕರಿಸಿದ್ದೇನೆ.

ಕೆಲವು ವರ್ಷಗಳ ಹಿಂದೆ ಹಾವೇರಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಹೀಗೆಯೇ ಚಿತ್ರೀಕರಣ ಮುಗಿಸಿ ಹೊರಡುವ ಅವಸರದಲ್ಲಿದ್ದೆವು. ಊರಿನ ಗುಡ್ಡವನ್ನು ನೋಡಿಕೊಳ್ಳುವ ಗುಂಪಿನ ಹಿರಿಯರೊಬ್ಬರು ಹತ್ತಿರ ಬಂದು, "ಸಾಹೇಬ್ರ, ಸಸಿ ಹಚ್ಚೂ ದಿನಾ ಎಲ್ಲಾರೂ ಬರ್ತೀರಿ, ನೀರು ಹಾಕೂ ದಿನಾ ಒಬ್ರೂ ಬರೂದಿಲ್ಲ" ಎಂದರು. ಮೈಸೂರಿನ ಕಡೆಯವನಾದ ನನಗೆ 'ಹಚ್ಚುವುದು' ಎಂದರೆ ದೀಪ ಹಚ್ಚುವುದು ಮಾತ್ರ. ಸಸಿ ನೆಡುವುದಕ್ಕೂ ಆ ಸೀಮೆಯಲ್ಲಿ ಅದೇ ಮಾತು ಎಂದು ಅಂದು ಕಲಿತೆ. ಅವರ ಮಾತಿಗೆ ಮಾತ್ರ ನನ್ನಲ್ಲಿ ಉತ್ತರವಿರಲಿಲ್ಲ.

ಅದೇ ಹಾವೇರಿ ಸೀಮೆಯಲ್ಲಿ ನಡೆದ ಒಂದು ಚಳವಳಿಯ ಹೆಸರಿನಲ್ಲೇ ಈ 'ಹಚ್ಚು' ಇದೆ. ಅದು 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹ. ಊರಿನ ನೆಲ ಉಳಿಸಲು ಸಾಮಾನ್ಯ ಜನ ಸ್ವಯಂಸೇವಕರಾಗಿ ದುಡಿದ ಈ ಕಥೆ ನಮ್ಮ ನಾಡಿನದೇ. ಆದರೂ ಇಂದಿನ ತರುಣರಲ್ಲಿ ಹಲವರಿಗೆ ಇದರ ಪರಿಚಯವಿಲ್ಲ.

ಕಥೆಯ ಬೇರು ಬ್ರಿಟಿಷರ ಕಾಲದ್ದು. ಕಂದಾಯ ಕಟ್ಟುವ ಹೊಲಗದ್ದೆಗಳನ್ನು ಬಿಟ್ಟರೆ ಉಳಿದ ನೆಲವೆಲ್ಲ ಸರ್ಕಾರದ್ದು ಎಂದು ಅಂದಿನ ಆಡಳಿತ ಬರೆದುಕೊಂಡಿತು. ಕಾಗದದಲ್ಲಿ ಅದು ಪಾಳು ಭೂಮಿ. ಊರಿನವರಿಗಾದರೋ ಅದು ದನ ಮೇಯುವ ಗಾಯರಾಣ, ಒಲೆಗೆ ಪುಳ್ಳೆ ಕೊಡುವ ಗುಡ್ಡ. ಸ್ವಂತ ಜಮೀನಿಲ್ಲದವನೂ ಎರಡು ಆಡು ಸಾಕಿಕೊಂಡಿದ್ದನೆಂದರೆ ಈ ನೆಲದ ದೆಸೆಯಿಂದಲೇ. ಸ್ವಾತಂತ್ರ್ಯ ಬಂದ ಮೇಲೂ ಕಾಗದದ ಮಾತು ಬದಲಾಗಲಿಲ್ಲ.

1984ರ ನವೆಂಬರ್ 14ರಂದು ಕರ್ನಾಟಕ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯ ನಡುವೆ ಒಂದು ಒಪ್ಪಂದವಾಯಿತು. ಅದರ ಫಲವಾಗಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಕಂಪನಿ ಹುಟ್ಟಿತು. ಸರ್ಕಾರದ ಪಾಲು ಶೇಕಡಾ 51, ಕಾರ್ಖಾನೆಯದು 49. ರೇಯಾನ್ ನೂಲಿಗೆ ಬೇಕಾಗುವ ತಿರುಳಿಗಾಗಿ ನೀಲಗಿರಿಯಂಥ ಬೇಗ ಬೆಳೆಯುವ ಮರಗಳನ್ನು ಬೆಳೆಸುವುದು ಅದರ ಕೆಲಸ. ಇದಕ್ಕಾಗಿ ನಾಲ್ಕು ಜಿಲ್ಲೆಗಳಲ್ಲಿ ಸುಮಾರು 30,000 ಹೆಕ್ಟೇರ್, ಅಂದರೆ 75,000 ಎಕರೆಯಷ್ಟು ನೆಲವನ್ನು ಗುರುತಿಸಲಾಯಿತು. ಗುತ್ತಿಗೆಯ ಅವಧಿ 40 ವರ್ಷ. ಬಾಡಿಗೆ ಎಕರೆಗೆ ವರ್ಷಕ್ಕೆ 1 ರೂಪಾಯಿ. ಲೆಕ್ಕ ಹಾಕಿ ನೋಡಿ: ಅಷ್ಟೂ ನೆಲಕ್ಕೆ ವರ್ಷಕ್ಕೆ ಬರುವುದು 75,000 ರೂಪಾಯಿ. ಬೆಳೆದ ಮರದಲ್ಲಿ ಶೇಕಡಾ 87.5 ಭಾಗ ನೇರವಾಗಿ ಕಾರ್ಖಾನೆಗೆ. ಮಿಕ್ಕದ್ದನ್ನು ಕೊಳ್ಳುವ ಅವಕಾಶವೂ ಅದಕ್ಕೇ.

ಯೋಜನೆಯ ಪರವಾಗಿಯೂ ವಾದವಿತ್ತು. ಮರವನ್ನು ನಂಬಿದ ಕಾರ್ಖಾನೆಗಳಿಗೆ ಕಚ್ಚಾವಸ್ತುವಿನ ಕೊರತೆಯಿತ್ತು. ಪಾಳು ಬಿದ್ದ ನೆಲ ಹಸಿರಾಗುತ್ತದೆ, ಸಹಜ ಅರಣ್ಯದ ಮೇಲಿನ ಒತ್ತಡ ತಗ್ಗುತ್ತದೆ ಎನ್ನುವವರಿದ್ದರು. ವಿಜ್ಞಾನದ ವಿದ್ಯಾರ್ಥಿಯಾಗಿದ್ದ ನನಗೂ ಈ ವಾದ ಮೇಲ್ನೋಟಕ್ಕೆ ಸರಿಯೆಂದೇ ಕಾಣುತ್ತದೆ. ಆದರೆ ನೀಲಗಿರಿಯ ಗುಣವನ್ನೊಮ್ಮೆ ನೆನೆಯಿರಿ. ಅದರ ಎಲೆಯನ್ನು ದನಕರು ಮುಟ್ಟುವುದಿಲ್ಲ. ನೆಡುತೋಪು ಮಾಡುವವನಿಗೆ ಇದೊಂದು ದೊಡ್ಡ ಅನುಕೂಲ. ಆದರೆ ಅದೇ ನೆಲದಲ್ಲಿ ನಿನ್ನೆಯವರೆಗೆ ದನ ಮೇಯಿಸಿದವನಿಗೆ ಅಲ್ಲಿ ಇನ್ನೇನೂ ಉಳಿಯುವುದಿಲ್ಲ. ಮರ ಎಂಬ ಒಂದೇ ಮಾತಿನೊಳಗೆ ಇಷ್ಟು ಅಂತರವಿದೆ.

ಇದಕ್ಕೆ ಒಂದು ವರ್ಷ ಮೊದಲು, 1983ರ ಸೆಪ್ಟೆಂಬರಿನಲ್ಲಿ, ಶಿರಸಿ ತಾಲ್ಲೂಕಿನ ಸಾಲ್ಕಣಿಯ ಬಳಿ ಜನರು ಮರಗಳನ್ನು ಅಪ್ಪಿ ನಿಂತು ಕೊಡಲಿಯನ್ನು ತಡೆದಿದ್ದರು. ಅದೇ ಅಪ್ಪಿಕೋ ಚಳವಳಿ. ಆದರೆ ಬಯಲುಸೀಮೆಯ ಅಂಚಿನ ಈ ಗುಡ್ಡಗಳಲ್ಲಿ ಅಪ್ಪಿಕೊಳ್ಳಲು ದೊಡ್ಡ ಕಾಡು ಇರಲಿಲ್ಲ. ಇದ್ದದ್ದು ಹುಲ್ಲು, ಕುರುಚಲು ಗಿಡ. ಕಾಡನ್ನು ಉಳಿಸಿ ಎಂದರೆ ಪಟ್ಟಣದವರಿಗೂ ಅರ್ಥವಾಗುತ್ತದೆ. ಹುಲ್ಲುಗಾವಲನ್ನು ಉಳಿಸಿ ಎಂದು ಒಪ್ಪಿಸುವುದು ಅಷ್ಟು ಸುಲಭವಲ್ಲ.

ಆ ಕಷ್ಟದ ಕೆಲಸಕ್ಕೆ ಕೈಹಾಕಿದ್ದು ಧಾರವಾಡದ ಸಮಾಜ ಪರಿವರ್ತನ ಸಮುದಾಯ. ಅಮೆರಿಕದಲ್ಲಿ ಉದ್ಯೋಗದಲ್ಲಿದ್ದು 1979ರಲ್ಲಿ ಊರಿಗೆ ಮರಳಿದ ಎಂಜಿನಿಯರ್ ಎಸ್. ಆರ್. ಹಿರೇಮಠರು ಅದರ ಮುಂದಾಳು. 1986ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹೋಯಿತು. ಮೊದಲ ಅರ್ಜಿದಾರರು ಯಾರು ಬಲ್ಲಿರಾ? ನಮ್ಮ ಕೋಟ ಶಿವರಾಮ ಕಾರಂತರು. ಆಗ ಅವರಿಗೆ 84 ವರ್ಷ. 1987ರ ಮಾರ್ಚಿನಲ್ಲಿ ನ್ಯಾಯಾಲಯ ಹೊಸದಾಗಿ ಭೂಮಿ ಹಸ್ತಾಂತರಿಸದಂತೆ ತಡೆಯಾಜ್ಞೆ ನೀಡಿತು.

ಅಷ್ಟರಲ್ಲಿ ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ ಸುಮಾರು 400 ಹೆಕ್ಟೇರ್ ನೆಲ ಕಂಪನಿಯ ಕೈಸೇರಿತ್ತು. ಕುಸನೂರು ಅಂದು ಧಾರವಾಡ ಜಿಲ್ಲೆಯಲ್ಲಿತ್ತು. ಹಾವೇರಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ. 1987ರ ಮೇ ತಿಂಗಳಲ್ಲಿ ಅಲ್ಲಿ ಅಹಿಂಸೆಯ ತರಬೇತಿ ಶಿಬಿರ ನಡೆಯಿತು. ಹಳ್ಳಿಗರದೇ ಆದ ಗುಡ್ಡನಾಡು ಅಭಿವೃದ್ಧಿ ಸಮಿತಿ ರೂಪುಗೊಂಡಿತು. ಸುತ್ತಲಿನ ಊರುಗಳಲ್ಲಿ ಸಭೆಯ ಮೇಲೆ ಸಭೆ. ಮೇ ತಿಂಗಳಿಂದ ನವೆಂಬರಿನವರೆಗೆ ಆರು ತಿಂಗಳು ಎಂಬುದನ್ನು ಗಮನಿಸಿ. ಒಂದು ದಿನದ ಸತ್ಯಾಗ್ರಹಕ್ಕೆ ಅಷ್ಟು ಸಿದ್ಧತೆ.

ಒಪ್ಪಂದಕ್ಕೆ ಮೂರು ವರ್ಷ ತುಂಬಿದ ದಿನ, 1987ರ ನವೆಂಬರ್ 14ರಂದು, ಸುಮಾರು 2,000 ಜನ ಕುಸನೂರಿನಲ್ಲಿ ಸೇರಿದರು. ಶಾಲೆಯ ಅಂಗಳದಲ್ಲಿ ಗಂಡಸರು, ಹೆಂಗಸರು, ಮಕ್ಕಳು ಅಹಿಂಸೆಯ ಪ್ರತಿಜ್ಞೆ ಮಾಡಿದರು. ವಾದ್ಯ ಬಾರಿಸುವವರು ಮುಂದೆ, ಜನ ಹಿಂದೆ. ಗುಡ್ಡಕ್ಕೆ ಹೋಗಿ ಕಿತ್ತದ್ದು ನೂರರಷ್ಟು ನೀಲಗಿರಿ ಸಸಿಗಳನ್ನು ಮಾತ್ರ. ಮನಸ್ಸು ಮಾಡಿದ್ದರೆ 2,000 ಜನ ಎಷ್ಟು ಕೀಳಬಹುದಿತ್ತೆಂದು ನೀವೇ ಊಹಿಸಿಕೊಳ್ಳಿ. ಕಿತ್ತ ಜಾಗದಲ್ಲಿ ಹಣ್ಣು ಕೊಡುವ, ಮೇವು ಕೊಡುವ ಮರಗಳ ಸಸಿಗಳನ್ನು ಹಚ್ಚಿದರು. ಚದುರುವ ಮುನ್ನ ಮತ್ತೊಂದು ಪ್ರತಿಜ್ಞೆ ಮಾಡಿದರು: ಈ ಸಸಿಗಳಿಗೆ ನೀರು ಹಾಕುತ್ತೇವೆ, ನೋಡಿಕೊಳ್ಳುತ್ತೇವೆ.

ನಾನು ಆ ಕಾಲದಲ್ಲಿ ನಿರ್ಮಾಪಕನಾಗಿದ್ದರೆ ಖಂಡಿತ ಆ ಮೆರವಣಿಗೆಯನ್ನು ಚಿತ್ರೀಕರಿಸುತ್ತಿದ್ದೆ. ಕೊನೆಯ ಪ್ರತಿಜ್ಞೆಯ ಹೊತ್ತಿಗೆ ಪ್ರಾಯಶಃ ಕ್ಯಾಮೆರಾ ಪೆಟ್ಟಿಗೆ ಸೇರಿರುತ್ತಿತ್ತು.

ಮರುದಿನವೇ ಗೆಲುವು ಬರಲಿಲ್ಲ. 1988ರ ಏಪ್ರಿಲ್‌ನಲ್ಲಿ ನ್ಯಾಯಾಲಯ ತಡೆಯಾಜ್ಞೆಯನ್ನು ಭಾಗಶಃ ಸಡಿಲಿಸಿತು. ಕಂಪನಿಗೆ ಇನ್ನಷ್ಟು ನೆಲ ಹೋಯಿತು. 1989ರಲ್ಲೂ 1990ರಲ್ಲೂ ಹಾಗೆಯೇ ಆಯಿತು. ಅಲ್ಲಿಗೇ ಕೈಚೆಲ್ಲಿದ್ದರೆ ಕುಸನೂರು ಹಳೆಯ ಪತ್ರಿಕೆಯೊಂದರ ಚಿತ್ರವಾಗಿ ಉಳಿಯುತ್ತಿತ್ತು. ಆದರೆ ಸತ್ಯಾಗ್ರಹ ಮುಂದುವರಿಯಿತು, ಅರ್ಜಿಗಳು ಮುಂದುವರಿದವು, ಶಾಸಕರ ಮನವೊಲಿಸುವ ಯತ್ನವೂ ನಡೆಯಿತು. ಕೊನೆಗೆ 1991ರ ಅಕ್ಟೋಬರಿನಲ್ಲಿ ಕಂಪನಿಯನ್ನು ಮುಚ್ಚಲಾಯಿತು. ಒಪ್ಪಂದದ ದಿನದಿಂದ ಎಣಿಸಿದರೆ ಸುಮಾರು ಏಳು ವರ್ಷ.

ಇಂಥ ಕೆಲಸದಲ್ಲಿ ಸ್ವಯಂಸೇವಕನ ಪಾಲು ಏನು? ಘೋಷಣೆ ಕೂಗುವುದು ಅದರಲ್ಲಿ ಬಹಳ ಚಿಕ್ಕ ಭಾಗ. ಸರ್ವೆ ನಂಬರು ಹುಡುಕಬೇಕು, ಪಹಣಿ ತೆಗೆಸಬೇಕು, ಸಹಿ ಹಾಕಿಸಲು ಮನೆಮನೆ ಅಲೆಯಬೇಕು, ಕಚೇರಿಯಲ್ಲಿ 'ನಾಳೆ ಬನ್ನಿ' ಎಂದರೆ ನಾಳೆಯೂ ಹೋಗಬೇಕು. ಬೇಸಗೆಯಲ್ಲಿ ಕೊಡ ಹೊತ್ತು ಗುಡ್ಡ ಏರಬೇಕು. ಇದಕ್ಕೆ ಪದಕವಿಲ್ಲ, ಛಾಯಾಚಿತ್ರವಿಲ್ಲ. ವಕೀಲರೂ ವಿಜ್ಞಾನಿಗಳೂ ಸಾಹಿತಿಗಳೂ ಬೇಕು, ನಿಜ. ಆದರೆ ಅವರು ಊರಿಗೆ ಹೋದ ಮೇಲೂ ಗುಡ್ಡದ ಬುಡದಲ್ಲಿ ಇರುವವರು ಅಲ್ಲಿಯವರೇ. ಕುಸನೂರಿನಲ್ಲಿ ಹಳ್ಳಿಗರ ಸ್ವಂತ ಸಮಿತಿಯೊಂದು ಇದ್ದದ್ದರ ಮಹತ್ವ ಅದೇ.

ಆಮೇಲೆ ಗಾಳಿ ಸ್ವಲ್ಪ ಬದಲಾಗಿದೆ. ಊರೊಟ್ಟಿನ ಭೂಮಿಯ ಅಕ್ರಮ ಒತ್ತುವರಿಯನ್ನು ತೆರವುಗೊಳಿಸಲು ಯೋಜನೆ ರೂಪಿಸಬೇಕೆಂದು 2011ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೆ ನಿರ್ದೇಶನ ನೀಡಿತು. 2017ರಲ್ಲಿ ಕರ್ನಾಟಕ ಸರ್ಕಾರವೇ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿತು. ಆದರೆ ಆದೇಶವು ತಾನಾಗಿಯೇ ಗೋಮಾಳವನ್ನು ಕಾಯುವುದಿಲ್ಲ.

ಓದುಗ ಮಿತ್ರರೇ, ನಿಮ್ಮ ಊರಿನಲ್ಲೂ ಒಂದು ಗೋಮಾಳವೋ, ಗುಂಡುತೋಪೋ, ಕೆರೆಯಂಗಳವೋ ಇದ್ದೀತು. ಅದರ ಸರ್ವೆ ನಂಬರು ನಿಮಗೆ ಗೊತ್ತೇ? ಗೊತ್ತಿಲ್ಲವಾದರೆ ಅಲ್ಲಿಂದಲೇ ಆರಂಭಿಸಬಹುದು. ಅದನ್ನು ಕಾಯುವ ಗುಂಪೊಂದು ಈಗಾಗಲೇ ಇದ್ದರೆ ಜುಲೈನಲ್ಲಿ ಹೋಗಿ, ಸಂತೋಷ. ಮಾರ್ಚ್ ತಿಂಗಳಲ್ಲೂ ಒಮ್ಮೆ ಹೋಗಿ. ಆ ಹಿರಿಯರಿಗೆ ಕೊಡಬೇಕಾಗಿದ್ದ ಉತ್ತರಕ್ಕಾಗಿ ಮಾರನೆಯ ಬೇಸಗೆಯಲ್ಲಿ ನಾನೂ ಅವರ ಗುಡ್ಡಕ್ಕೆ ಹೋದೆ. ಕ್ಯಾಮೆರಾ ಒಯ್ದಿರಲಿಲ್ಲ. ಅವರು ಏನೂ ಹೇಳದೆ ನನ್ನ ಕೈಗೊಂದು ಕೊಡ ಕೊಟ್ಟರು.