ನಮ್ಮ ಜಂತಿ ಮನಿಯ ಠೇವಣಿ ಲೆಕ್ಕ

ಈ ಸಂಚಿಕೆಯಲ್ಲಿ ಹಿಂದಿನಿಂದ ಪಾರಿವಾಳದ ಸದ್ದು ಕೇಳಿದ್ರೆ ಬೇಜಾರು ಮಾಡ್ಕೋಬೇಡಿ. ನಾನು ಕೂತಿರೋದು ಕುಷ್ಟಗಿ ತಾಲೂಕಿನ ನಮ್ಮೂರಿನ ಹಳೇ ಮನಿ ಪಡಸಾಲಿಯಲ್ಲಿ. ಬರೋ ಸೋಮವಾರ ಈ ಮನಿ ಬಿಚ್ಚತಾರೆ. ಗೋಡೆ ಕಲ್ಲು ಹೊಸ ಮನಿ ಪಾಯಕ್ಕೆ ಹೋಗ್ತದೆ, ಮಣ್ಣು ಹೊಲಕ್ಕೆ. ಕಟ್ಟಿಗಿ ಮಾತ್ರ ಲಾರಿ ಹತ್ತಬೇಕು. ಹಳೇ ಕಟ್ಟಿಗಿ ವ್ಯಾಪಾರಿ ಬಂದು ಟೇಪು ಹಿಡಿದು ಅಳತಿ ಮಾಡಿ, ಕಂಬ, ತೊಲಿ, ಜಂತಿ, ಬಾಗಿಲು ಎಲ್ಲಾ ಸೇರಿ ಸುಮಾರು 90 ಘನ ಅಡಿ ಅಂತ ಚೀಟಿ ಬರೆದುಕೊಟ್ಟು ಹೋದ.

ನಾನು ಬಿ.ಕಾಂ. ಓದಿದವ. ಯಾರಾದ್ರೂ ಒಂದು ಸಂಖ್ಯೆ ಕೊಟ್ರೆ ಅದರ ಎದುರಿನ ಕಾಲಂ ಖಾಲಿ ಬಿಡೋಕೆ ಆಗಲ್ಲ. ಹಂಗಾಗಿ ಆ ಚೀಟಿ ಹಿಂದೇನೇ ಲೆಕ್ಕ ಹಾಕಿದೆ. 90 ಘನ ಅಡಿ ಅಂದ್ರೆ ಎರಡೂವರೆ ಘನ ಮೀಟರ್. ಸಾಗವಾನಿಯಂಥ ಗಟ್ಟಿ ಮರ ಆಗಿದ್ರೆ ಪೂರ್ತಿ ಒಣಗಿದ ತೂಕ ಸುಮಾರು ಒಂದೂವರೆ ಟನ್. ಒಣ ಮರದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಇಂಗಾಲ, ಅಂದ್ರೆ ಮುಕ್ಕಾಲು ಟನ್. ಈ ಇಂಗಾಲ ಮಣ್ಣಿನಿಂದ ಬಂದದ್ದಲ್ಲ, ಮರ ಗಾಳಿಯಿಂದ ಎಳೆದುಕೊಂಡದ್ದು. ಹನ್ನೆರಡು ತೂಕ ಇಂಗಾಲ ಸುಟ್ಟರೆ ನಲವತ್ನಾಲ್ಕು ತೂಕ ಇಂಗಾಲದ ಡೈಆಕ್ಸೈಡ್ ಆಗ್ತದೆ. ಅದರ ಪ್ರಕಾರ ನನ್ನ ತಲೆ ಮೇಲಿನ ಈ ಮಾಳಿಗೆಯಲ್ಲಿ ಸುಮಾರು 2.7 ಟನ್ ಡೈಆಕ್ಸೈಡ್ ಠೇವಣಿ ಇದೆ. ಫಿಕ್ಸೆಡ್ ಡಿಪಾಸಿಟ್. ಇಟ್ಟವರು ನಮ್ಮ ಮುತ್ತಜ್ಜ. ಅವರಿಗೆ ಗೊತ್ತಿರಲಿಲ್ಲ ಅನ್ನೋದು ಬೇರೆ ಮಾತು.

ಈಗ ಇನ್ನೊಂದು ಕಾಲಂ. ಇದೇ 800 ಚದರ ಅಡಿಗೆ ಐದಿಂಚಿನ ಸ್ಲ್ಯಾಬ್ ಹಾಕಿದ್ರೆ ಹೆಚ್ಚೂಕಮ್ಮಿ 70 ಚೀಲ ಸಿಮೆಂಟು, ಮುಕ್ಕಾಲು ಟನ್ ಕಬ್ಬಿಣ ಬೇಕು. ಸಿಮೆಂಟ್ ಮಾಡೋವಾಗ ಕಲ್ಲಿದ್ದಲು ಉರಿಯೋದು ಒಂದು ಕಡೆ. ಸುಣ್ಣದಕಲ್ಲು ಕಾದಾಗ ಆ ಕಲ್ಲೇ ಡೈಆಕ್ಸೈಡ್ ಬಿಡ್ತದೆ, ಅದನ್ನ ಸೌರಶಕ್ತಿ ಹಾಕಿದ್ರೂ ತಪ್ಪಿಸೋಕಾಗಲ್ಲ. ಜಗತ್ತಿನ ಒಟ್ಟು ಡೈಆಕ್ಸೈಡ್ ಹೊಗೆಯಲ್ಲಿ ನೂರಕ್ಕೆ ಏಳೆಂಟು ಪಾಲು ಸಿಮೆಂಟಿನದು. ಉಕ್ಕು ಟನ್ನಿಗೆ ಸುಮಾರು ಎರಡು ಟನ್ ಡೈಆಕ್ಸೈಡ್. ಎಲ್ಲಾ ಕೂಡಿಸಿದ್ರೆ ಸ್ಲ್ಯಾಬ್ ಒಂದಕ್ಕೇ ನಾಲ್ಕು ಟನ್ ಹತ್ತಿರ ಹೋಗ್ತದೆ. ಕೊಪ್ಪಳದವರಿಗೆ ಇದು ದೂರದ ಸುದ್ದಿ ಅಲ್ಲ. ಗಿಣಿಗೇರಿ ಸುತ್ತಮುತ್ತ ಉಕ್ಕಿನ ಕಾರ್ಖಾನೆಗಳಿವೆ, ಅಲ್ಲಿನ ಹಳ್ಳಿಗಳಲ್ಲಿ ಕರಿ ಧೂಳು ಯಾವುದರ ಮೇಲೆಲ್ಲಾ ಕೂರ್ತದೆ ಅಂತ ನಿಮಗೇ ಗೊತ್ತು.

ಇದಿಷ್ಟು ವರ್ತಮಾನ. ಆದ್ರೆ ಇವತ್ತಿನ ನನ್ನ ಪ್ರಶ್ನೆ ಇತಿಹಾಸದ್ದು: ನಮ್ಮ ಸೀಮೆಯನ್ನ ನಾವು ಯಾವಾಗಲೂ ಕಲ್ಲಿನ ಸೀಮೆ ಅಂತೀವಿ. ಅದು ಎಷ್ಟರಮಟ್ಟಿಗೆ ಖರೆ?

ಗಂಗಾವತಿ ತಾಲೂಕಿನ ಹಿರೇಬೆಣಕಲ್ ಗುಡ್ಡಕ್ಕೆ ಹೋಗಿದ್ದೀರಾ? ಮೋರೇರ ಗುಡ್ಡ ಅಂತಾರೆ ಜನ. ಸಾವಿರಾರು ವರ್ಷ ಹಿಂದಿನ ಬೃಹತ್ ಶಿಲಾ ಸಮಾಧಿಗಳು, ದೊಡ್ಡ ದೊಡ್ಡ ಚಪ್ಪಡಿ ನಿಲ್ಲಿಸಿ ಮಾಡಿದ ಮನೆಯಂಥ ಕೋಣೆಗಳು, ನೂರಾರು. ನೋಡಿದವರಿಗೆ ಆ ಜನ ಕಲ್ಲಿನ ಮನೆಯಲ್ಲೇ ಇದ್ದರು ಅನ್ನಿಸ್ತದೆ. ಅವು ಸತ್ತವರ ಮನೆಗಳು. ಬದುಕಿದ್ದವರ ಗುಡಿಸಲು ಒಂದೂ ನಿಂತಿಲ್ಲ. ಕಟ್ಟಿಗಿ, ಹುಲ್ಲು, ಮಣ್ಣು ಎಲ್ಲಾ ಮಣ್ಣಿಗೇ ಹೋಯ್ತು. ನಾವು ಓದೋ ಇತಿಹಾಸ ಬಹುತೇಕ ಉಳಿದದ್ದರ ಇತಿಹಾಸ. ಕೊಪ್ಪಳದ ಗವಿಮಠದಲ್ಲಿ, ಪಾಲ್ಕಿಗುಂಡಿನಲ್ಲಿ ಅಶೋಕನ ಶಾಸನ ಬಂಡೆ ಮೇಲೆ ಇದೆ, ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಅದೇ ಅಶೋಕನ ರಾಜಧಾನಿ ಪಾಟಲೀಪುತ್ರದ ಕೋಟೆ ಇದ್ದದ್ದು ಮರದ್ದು. ಅವನ ಅಜ್ಜ ಚಂದ್ರಗುಪ್ತನ ಕಾಲಕ್ಕೆ ಬಂದ ಮೆಗಾಸ್ತನೀಸ ಅದನ್ನ ಬರೆದಿಟ್ಟ, ಪಾಟ್ನಾದ ಬುಲಂದಿಬಾಗ್‌ನಲ್ಲಿ ಅಗೆದಾಗ ದಿಮ್ಮಿಗಳೇ ಸಿಕ್ಕವು. ಮರದ ಊರಿನಿಂದ ಆಳಿದವನು ನಮ್ಮ ಕಡೆ ಕಲ್ಲಿನಲ್ಲಿ ಉಳಿದ.

ಯಲಬುರ್ಗಾ ಕಡೆ ಬನ್ನಿ, ಇಟಗಿ. (ಈಗ ಅದು ಕುಕನೂರು ತಾಲೂಕು, ಹಳೇ ರೂಢಿ ಬಿಡೋದಿಲ್ಲ.) 1112ರಲ್ಲಿ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ ಗುಡಿ, ಶಾಸನದಲ್ಲೇ ದೇವಾಲಯ ಚಕ್ರವರ್ತಿ ಅಂತ ಹೊಗಳಿಸಿಕೊಂಡದ್ದು. ಆ ಕಂಬಗಳನ್ನ ನೋಡಿ. ತೊಟ್ಟಿಲ ಕಾಲು ಕಡೆದಂಗೆ ಕಡೆದಾರೆ. ಕಂಬದ ಮೇಲೆ ಬೋದಿಗೆ, ಬೋದಿಗೆ ಮೇಲೆ ತೊಲೆ. ಇಲ್ಲೇ ನಮ್ಮ ಪಡಸಾಲಿಯಲ್ಲಿ ತಲೆ ಎತ್ತಿದ್ರೆ ಅದೇ ಕ್ರಮ: ಕಂಬ, ಬೋದಿಗೆ, ತೊಲಿ. ಕಲ್ಲಿಗೆ ಬೋದಿಗೆಯ ಆಕಾರ ಬಂದದ್ದು ಬಡಿಗೇರನ ಕೈಯಿಂದ, ಆಮೇಲೆ ಅದು ಕಲ್ಲುಕುಟಿಗನ ಕೈಗೆ ಹೋಯ್ತು. ಗುಡಿಗಳು ಮರದ ಮನೆಗಳ ನೆನಪು ಇಟ್ಟುಕೊಂಡಿವೆ.

ಇನ್ನು ಹೊಳೆ ದಾಟಿದ್ರೆ ಹಂಪಿ. ನಾನು ಪಿಯುಸಿಯಲ್ಲಿದ್ದಾಗ ರಾಜರ ಆವರಣ ನೋಡಿ, ಇಷ್ಟು ದೊಡ್ಡ ಸಾಮ್ರಾಜ್ಯದ ಅರಮನೆ ಎಲ್ಲಿ ಅಂತ ಕೇಳಿದ್ದೆ. ಕಟ್ಟೆ ಇದೆ, ಮೆಟ್ಟಿಲು ಇದೆ, ಮೇಲೆ ಆಕಾಶ. ಸಭಾಮಂಟಪ ಅಂತ ಕರೆಯೋ ಜಾಗದಲ್ಲಿ ಹತ್ತು ಸಾಲು, ಸಾಲಿಗೆ ಹತ್ತು, ಕಂಬ ಕೂರಿಸೋ ಕಲ್ಲುಗಳಿವೆ. ಕಂಬ ಒಂದೂ ಇಲ್ಲ. ಯಾಕಂದ್ರೆ ಅವು ಮರದ ಕಂಬಗಳು. ಪಕ್ಕದಲ್ಲಿ ಕಲ್ಲಿನ ಮೆಟ್ಟಿಲು ಮೇಲೆ ಹತ್ತಿ ಎಲ್ಲಿಗೂ ಹೋಗದೆ ನಿಲ್ತದೆ, ಯಾಕಂದ್ರೆ ಅದು ಮುಟ್ಟಬೇಕಾಗಿದ್ದ ಮಹಡಿಯೂ ಮರದ್ದು. 1565ರ ಜನವರಿಯಲ್ಲಿ ಯುದ್ಧ ಸೋತ ಮೇಲೆ ಪಟ್ಟಣಕ್ಕೆ ಬೆಂಕಿ ಬಿತ್ತು. ಅರಮನೆ ಭಾಗದಲ್ಲಿ ಅಗೆದವರಿಗೆ ಇದ್ದಿಲು, ಸುಟ್ಟ ಕಂಬದ ಬುಡ ಸಿಕ್ಕಿವೆ. ನನ್ನ ಭಾಷೆಯಲ್ಲಿ ಹೇಳೋದಾದ್ರೆ ಇನ್ನೂರು ವರ್ಷ ಕಟ್ಟಿದ್ದ ಠೇವಣಿ ಕೆಲವೇ ತಿಂಗಳಲ್ಲಿ ಖಾಲಿ. ಕಲ್ಲಿನ ಗುಡಿ, ಗಾರೆಯ ಕಮಲ ಮಹಲು, ಆನೆಲಾಯ ಉಳಿದವು. ಅರಸರು ಎಲ್ಲಿ ಮಲಗ್ತಿದ್ದರು ಅನ್ನೋದಕ್ಕೆ ಕಟ್ಟೆ ಮಾತ್ರ ಉಳೀತು.

ಆ ಮರ ಕೆಲಸ ಮಾಡಿದವರ ಮಕ್ಕಳು ಎಲ್ಲಿ ಹೋದ್ರು? ಕೊಪ್ಪಳದ ಪಕ್ಕದ ಕಿನ್ನಾಳಕ್ಕೆ ಹೋದ್ರೆ ಅಲ್ಲಿನ ಚಿತ್ರಗಾರ ಮನೆತನದವರು ತಮ್ಮ ಹಿರೇರು ಹಂಪಿ ವಿರೂಪಾಕ್ಷನ ಗುಡಿಯಲ್ಲಿ ಕೆಲಸ ಮಾಡಿದವರು ಅಂತ ಹೇಳ್ತಾರೆ. ಈಗ ಗೊಂಬೆ, ಗರುಡ, ಕಾಮಧೇನು ಮಾಡ್ತಾರೆ, ಹಗುರ ಕಟ್ಟಿಗಿ, ಅದರ ಮೇಲೆ ಹುಣಸೆಬೀಜದ ಅಂಟು ಬೆರೆಸಿದ ಲೇಪ, ಆಮೇಲೆ ಬಣ್ಣ. ಮನೆಯ ಕಂಬ ಕೆತ್ತೋ ಕೆಲಸ ಯಾರೂ ಕೊಡಲ್ಲ.

ಅರಮನೆ ಬಿಡಿ, ಒಕ್ಕಲಿಗರ ಮನಿಗೆ ಬರೋಣ. ಮರದ ಮನಿ ಅಂದ ಕೂಡ್ಲೇ ಇಂಟರ್ನೆಟ್ ತೋರಿಸೋದು ದಿಮ್ಮಿ ಮೇಲೆ ದಿಮ್ಮಿ ಪೇರಿಸಿದ ಹಿಮದೂರಿನ ಮನಿ. ಕಾಡು ತುಂಬಿರೋ ತಂಪು ದೇಶಕ್ಕೆ ಅದು ಸರಿ. ಕೊಪ್ಪಳದಲ್ಲಿ ಕಾಡು ಕಡಿಮೆ, ಒರಲಿ ಜಾಸ್ತಿ. ಇಲ್ಲಿ ಗೋಡೆಗೆ ಮರ ಹಾಕಿದ್ರೆ ಮೂರು ಮಳೆಗಾಲಕ್ಕೆ ಹುಡಿ. ನಮ್ಮವರು ಅದಕ್ಕೇ ಗೋಡೆ ಕಲ್ಲು ಮಣ್ಣಿನಲ್ಲಿ ಕಟ್ಟಿ, ಮರವನ್ನ ಅದು ಬೇಕೇ ಬೇಕಾದ ಕಡೆ ಮಾತ್ರ ಇಟ್ಟರು. ಕಂಬದ ಕೆಳಗೆ ಕಲ್ಲು, ಒರಲಿ ಹತ್ತದಂಗೆ. ತೊಲಿ ಮೇಲೆ ಜಂತಿ, ಜಂತಿ ಮೇಲೆ ಹಲಗಿ ಇಲ್ಲಾ ಕಟ್ಟಿಗಿ ಚಕ್ಕೆ, ಅದರ ಮೇಲೆ ಸೊಪ್ಪು, ಆಮೇಲೆ ಗೇಣುಗಟ್ಟಲೆ ಮಣ್ಣು. ಕೊನೇ ಪದರ ಸವಳು ಮಣ್ಣು, ಅದು ನೀರು ಇಳಿಯೋಕೆ ಬಿಡಲ್ಲ. ಮಧ್ಯದಲ್ಲಿ ಒಂದು ಬೆಳಕಿಂಡಿ. ಉಳ್ಳವರು ದೂರದಿಂದ ಸಾಗವಾನಿ ತರಿಸಿದ್ರು, ಇಲ್ಲದವರು ಹೊಲದ ಬದುವಿನ ಬೇವು, ಕರಿಜಾಲಿ ಹಾಕಿದ್ರು. ನಮ್ಮ ಮನಿಯಲ್ಲಿ ಎರಡೂ ಇವೆ. ಮುಂದಿನ ಪಡಸಾಲಿ ಸಾಗವಾನಿ, ಒಳಗಿನ ಅಡಿಗಿ ಮನಿ ಬೇವು. ಬೀಗರಿಗೆ ಕಾಣೋದು ಮುಂದಿಂದೇ ತಾನೆ.

ಮೇ ತಿಂಗಳಲ್ಲಿ ಹೊರಗೆ ನಲವತ್ತು ಡಿಗ್ರಿ ದಾಟಿದಾಗ ಇಲ್ಲಿ ಫ್ಯಾನ್ ಇಲ್ಲದೆ ನಿದ್ದಿ ಮಾಡಬಹುದು. ಚಿಕ್ಕಪ್ಪನ ಸ್ಲ್ಯಾಬ್ ಮನಿಯಲ್ಲಿ ರಾತ್ರಿ ಹನ್ನೊಂದಕ್ಕೂ ಛತ್ತು ಕಾದ ಹಂಚು. ಈಗ ಎಸಿ ಹಾಕಿಸಿದಾರೆ, ಅದರ ಕರೆಂಟ್ ಬಿಲ್ಲು ನನ್ನ ಲೆಕ್ಕದಲ್ಲಿ ಇನ್ನೂ ಬಂದಿಲ್ಲ.

ಹಾಗಂತ ಹಳೇದೆಲ್ಲಾ ಬಂಗಾರ ಅಂತ ನಾನು ಹೇಳಿದ್ರೆ ಅಜ್ಜಿ ಮೇಲಿಂದ ಬೈತಾಳೆ. ಪ್ರತಿ ವರ್ಷ ಮಳೆಗಿಂತ ಮುಂಚೆ ಮಾಳಿಗಿಗೆ ಮಣ್ಣು ಹೊತ್ತವಳು ಅವಳು. ವಾರವಾರ ನೆಲ ಸಾರಿಸಿದವಳು ಅವಳು, ಆಮೇಲೆ ಅವ್ವ. ಮಣ್ಣಿನ ಮನಿ ಪರಿಸರಕ್ಕೆ ಒಳ್ಳೇದು ಅನ್ನೋವಾಗ ಆ ಒಳ್ಳೇತನದ ಕೂಲಿ ಯಾರೂ ಪುಸ್ತಕದಲ್ಲಿ ಬರೆದಿಲ್ಲ. ಇನ್ನೊಂದು, 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಮಹಾರಾಷ್ಟ್ರದ ಕಿಲ್ಲಾರಿ. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ಮೇಲೆ ಭಾರದ ಮಣ್ಣು ಮಾಳಿಗಿ, ಸಾವಿರಾರು ಜನ ಮಲಗಿದಲ್ಲೇ ಮುಗಿದರು. ನಮ್ಮ ಊರಲ್ಲೂ ಆ ವರ್ಷದ ನಂತರ ಹಿರೇರು ಮಾಳಿಗಿ ನೋಡೋ ರೀತಿ ಬದಲಾಯ್ತು ಅಂತ ಅಪ್ಪ ಹೇಳ್ತಾರೆ. ಕೊಂದದ್ದು ಕಟ್ಟಿಗಿ ಅಲ್ಲ, ಹಿಡಿತ ಇಲ್ಲದ ಗೋಡೆ ಮತ್ತು ಮೇಲಿನ ಭಾರ. ಆದ್ರೆ ಹೆದರಿದವರಿಗೆ ಆ ವ್ಯತ್ಯಾಸ ಯಾರು ಬಿಡಿಸಿ ಹೇಳಬೇಕು?

ಅದೇ 1993ರಲ್ಲಿ ಇನ್ನೊಂದು ಆಯ್ತು. ಕಾಡು ಉಳಿಸಬೇಕು ಅಂತ ಕೇಂದ್ರ ಲೋಕೋಪಯೋಗಿ ಇಲಾಖೆ ತನ್ನ ಕಟ್ಟಡಗಳಲ್ಲಿ ಮರ ಬಳಸೋದನ್ನ ನಿಷೇಧಿಸ್ತು. 1996ರ ಡಿಸೆಂಬರ್‌ನಲ್ಲಿ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಾಡು ಕಡಿಯೋದಕ್ಕೇ ಲಗಾಮು ಹಾಕ್ತು. ಅವತ್ತಿಗೆ ಅದು ಬೇಕಿತ್ತು, ನಾನು ವಾದ ಮಾಡಲ್ಲ. ಆದ್ರೆ ಮರದ ಜಾಗಕ್ಕೆ ಬಂದದ್ದು ಅಲ್ಯೂಮಿನಿಯಂ, ಉಕ್ಕು, ಪ್ಲಾಸ್ಟಿಕ್. ಅವುಗಳ ಹೊಗೆ ಬೇರೆ ಊರಿನ ಖಾತೆಗೆ ಜಮಾ ಆಯ್ತು. 2020ರಲ್ಲಿ ಇಲಾಖೆ ಆ ನಿಷೇಧ ತೆಗೀತು. ಅಷ್ಟರಲ್ಲಿ ನಾರ್ವೆಯವರು 85 ಮೀಟರ್ ಎತ್ತರದ, ಹದಿನೆಂಟು ಮಹಡಿಯ ಮರದ ಕಟ್ಟಡ ಕಟ್ಟಿ ಮುಗಿಸಿದ್ರು. ಬೆಂಕಿ ಬಿದ್ರೆ? ದಪ್ಪ ತೊಲೆಯ ಹೊರಮೈ ಮೊದಲು ಇದ್ದಿಲಾಗಿ ಒಳಗಿನ ಮರವನ್ನ ಕಾಯ್ತದೆ, ನಿಮಿಷಕ್ಕೆ ಒಂದು ಮಿಲಿಮೀಟರಿಗಿಂತ ಕಡಿಮೆ ಒಳಗೆ ಇಳಿತದೆ. ತಪ್ಪಿಸಿಕೊಳ್ಳೋಕೆ ಹೊತ್ತು ಸಿಗ್ತದೆ. ಹಂಪಿಯಲ್ಲಿ ಬೆಂಕಿ ಆರಿಸೋರೇ ಇರಲಿಲ್ಲ.

ಲೆಕ್ಕಕ್ಕೆ ಒಂದು ಷರತ್ತು ಇದೆ, ಅದನ್ನ ಹೇಳದೆ ಹೋದ್ರೆ ನಾನು ಸುಳ್ಳು ಆಡಿಟ್ ಮಾಡಿದಂಗೆ. ಕಡಿದ ಮರದ ಜಾಗದಲ್ಲಿ ಇನ್ನೊಂದು ಮರ ಬೆಳೆದರೆ ಮಾತ್ರ ಇದು ಠೇವಣಿ. ಇಲ್ಲದಿದ್ರೆ ಒಂದು ಖಾತೆಯಿಂದ ತೆಗೆದು ಇನ್ನೊಂದಕ್ಕೆ ಹಾಕಿದ ಹಾಗೆ. ಮತ್ತೆ, ಕಟ್ಟಿಗಿ ಕಟ್ಟಿಗಿಯಾಗೇ ಉಳಿಯೋವರೆಗೆ ಮಾತ್ರ. ಆನೆಗೊಂದಿಯಲ್ಲಿ ಕಿಷ್ಕಿಂಧಾ ಟ್ರಸ್ಟ್‌ನವರು ಹಳೇ ಮನಿಗಳನ್ನ ದುರಸ್ತಿ ಮಾಡಿ ಬಳಕೆಗೆ ತಂದಿದಾರೆ. ಅಲ್ಲಿನ ಮಾಳಿಗಿಗಳು ಇನ್ನೂ ಬಡ್ಡಿ ಕೊಡ್ತಾ ಇವೆ. ನಮ್ಮದು?

ವ್ಯಾಪಾರಿಯನ್ನ ಅದನ್ನೇ ಕೇಳಿದೆ. "ಅಣ್ಣಾ, ಇದು ಎಲ್ಲಿಗೆ ಹೋಗ್ತದ?" ಅಂದೆ. ಮುಂದಿನ ಬಾಗಿಲು, ಕಂಬ ಬೆಂಗಳೂರಿನ ಹೋಟೆಲಿನವರು ತಗೋತಾರಂತೆ. ಸಾಗವಾನಿ ಜಂತಿ ಸೀಳಿ ಬಾಗಿಲ ಚೌಕಟ್ಟು. ಬೇವಿನವು, ಬಿರುಕು ಬಿಟ್ಟವು? "ಅವು ಒಲಿಗ್ರೀ. ಖಾನಾವಳಿಯವ್ರು ಒಯ್ತಾರ," ಅಂದ. ಅಂದ್ರೆ ಒಂದು ಮದುವೆ ಹಂಗಾಮಿನಲ್ಲಿ ಅಡಿಗಿ ಮನಿಯ ಇಂಗಾಲ ಪೂರ್ತಿ ಗಾಳಿಗೆ.

ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ನನ್ನ ಚೀಟಿ ತೋರಿಸಿದೆ. 2.7 ಟನ್, ನೋಡ್ರೀ ಅಪ್ಪಾ. ಅವರು ಕನ್ನಡಕ ಹಾಕ್ಕೊಂಡು ಎರಡೂ ಕಡೆ ಓದಿದ್ರು. "ಲೇ ತಮ್ಮಾ, ನಿನ್ನ ಇಂಗಾಲಕ್ಕ ಏನ್ ರೇಟ್ ಕೊಡ್ತಾರ?" ಅಂದ್ರು. ಹಾಸ್ಯಕ್ಕೆ ಅಂದದ್ದಲ್ಲ. ಹೊಸ ಮನಿ ಸಾಲದ ಮೊದಲ ಕಂತು ಈ ಕಟ್ಟಿಗಿ ರೊಕ್ಕದಿಂದಲೇ ಕಟ್ಟಬೇಕು. ನನ್ನ ಹತ್ರ ಉತ್ತರ ಇರಲಿಲ್ಲ. ಒಂದು ಹಳೇ ಮನಿಯ ಜಂತಿಗೆ ರೇಟು ಕೊಡೋ ಸಂತೆ ನಾನು ಇನ್ನೂ ನೋಡಿಲ್ಲ.

ಕೊನೆಗೆ ಒಪ್ಪಂದ ಆದದ್ದು ಹೀಗೆ. ಸಾಗವಾನಿ ಮಾರೋದು. ಬೇವಿನ ಹನ್ನೊಂದು ಜಂತಿ ನನಗೆ. ಅದಕ್ಕೆ ವ್ಯಾಪಾರಿ ಹೇಳಿದ ರೊಕ್ಕ ನಾನು ಅಪ್ಪನಿಗೆ ಕೊಡಬೇಕು, ಕಂತಿನಲ್ಲಿ ಆದ್ರೂ ನಡೀತದೆ. ಹೊಸ ಮನಿ ಹಿತ್ತಲಿನಲ್ಲಿ ದನದ ಕೊಟ್ಟಿಗಿಗೆ ಅವನ್ನ ಹಾಕೋಕಾಗ್ತದೆ ಅಂತ ಬಡಿಗೇರ ಕಾಕಾ ಬಾಚಿಯಿಂದ ಕೆತ್ತಿ ನೋಡಿ ಹೇಳಿದ. ಎರಡು ಜಂತಿಗೆ ಒರಲಿ ಹಿಡಿದಿದೆ, ಒಂಬತ್ತು ಗಟ್ಟಿ. ಕೆತ್ತಿದ ಕಡೆ ಒಳಗೆ ಇನ್ನೂ ಕೆಂಪಗಿದೆ. ಆ ಒಂಬತ್ತಕ್ಕೆ ಈಗ ಸುಣ್ಣದಿಂದ ಗುರುತು ಹಾಕಬೇಕು, ಲಾರಿ ಏಳು ಗಂಟೆಗೆ ಬರ್ತದೆ ಅಂದಿದಾನೆ.