ಚಿಕಿತ್ಸೆಯ ಕೋಣೆಗೆ ಬಂದ ಕ್ಯಾಮೆರಾ, ಹೊರಗುಳಿದ ಮನೆಮಂದಿ

1964ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಗ್ಲೋರಿಯಾ ಎಂಬ ವಿಚ್ಛೇದಿತ ಹೆಣ್ಣುಮಗಳು ಕ್ಯಾಮೆರಾದ ಮುಂದೆ ಕೂತು, ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಅವರಲ್ಲಿ ತನ್ನ ಸಂಕಟ ತೋಡಿಕೊಂಡರು. ಗಂಡನಿಂದ ಬೇರೆಯಾದ ಮೇಲೆ ಇನ್ನೊಬ್ಬರ ಸಂಗ ಮಾಡಿದ್ದೀಯಾ ಎಂದು ಒಂಬತ್ತು ವರ್ಷದ ಮಗಳು ಕೇಳಿದ್ದಳು. ತಾಯಿ ಇಲ್ಲವೆಂದು ಸುಳ್ಳು ಹೇಳಿದ್ದರು. ನಿಜ ಹೇಳಿದರೆ ಮಗುವಿನ ಮನಸ್ಸು ಮುರಿಯುತ್ತದೆಯೋ, ಸುಳ್ಳು ಉಳಿಸಿಕೊಂಡರೆ ನಂಬಿಕೆ ಮುರಿಯುತ್ತದೆಯೋ ಎಂಬುದು ಅವರ ಪ್ರಶ್ನೆ. ಅದೇ ದಿನ ಫ್ರಿಟ್ಜ್ ಪರ್ಲ್ಸ್, ಆಲ್ಬರ್ಟ್ ಎಲ್ಲಿಸ್ ಎಂಬ ಚಿಕಿತ್ಸಕರೂ ಸರದಿಯಂತೆ ಅವರೊಂದಿಗೆ ಮಾತಾಡಿದರು. ಎವರೆಟ್ ಶೋಸ್ಟ್ರಮ್ ತಯಾರಿಸಿದ ಈ ಚಿತ್ರ 'ತ್ರೀ ಅಪ್ರೋಚಸ್ ಟು ಸೈಕೋಥೆರಪಿ' ಎಂಬ ಹೆಸರಿನಲ್ಲಿ ಮರುವರ್ಷ ಹೊರಬಂತು. ಆಪ್ತಸಮಾಲೋಚನೆ ಕಲಿಯುವ ಎಷ್ಟೋ ತಲೆಮಾರಿನ ವಿದ್ಯಾರ್ಥಿಗಳು ಇದನ್ನು ನೋಡಿಯೇ ಮುಂದೆ ಹೋಗಿದ್ದಾರೆ.

ಕಲಿಕೆಗೆಂದು ತೆಗೆದ ಚಿತ್ರ ಟಿವಿಯಲ್ಲೂ ಬಂತು. ಚಿತ್ರೀಕರಣ ಮುಗಿದ ಮೇಲೆ ಪರ್ಲ್ಸ್ ಗ್ಲೋರಿಯಾ ಅವರ ಅಂಗೈ ಚಾಚಿಸಿ ಅದರಲ್ಲಿ ಸಿಗರೇಟಿನ ಬೂದಿ ಕೊಡವಿದ್ದರು; ಅದನ್ನು ಅವರು ಆಮೇಲೆ ನೋವಿನಿಂದ ಹೇಳಿಕೊಂಡರು. ರೋಜರ್ಸ್ ಜೊತೆಗೆ ಮಾತ್ರ ಅವರ ಪತ್ರವ್ಯವಹಾರ ಕೊನೆಯವರೆಗೂ ಉಳಿಯಿತು. 1979ರಲ್ಲಿ ಗ್ಲೋರಿಯಾ ತೀರಿಕೊಂಡರು. ಚಿತ್ರ ಓಡುತ್ತಲೇ ಇತ್ತು. ಆ ಕೋಣೆಯಲ್ಲಿ ಇರದಿದ್ದ, ಆದರೆ ಎಲ್ಲರೂ ಚರ್ಚಿಸಿದ ಆ ಮಗಳು, ಪಮೇಲಾ ಬರ್ರಿ, 2008ರಲ್ಲಿ ಆ ಚಿತ್ರಗಳ ನೆರಳಲ್ಲಿ ಬೆಳೆದ ತನ್ನ ನೆನಪುಗಳನ್ನು ಪುಸ್ತಕ ಮಾಡಿದರು. ತಾಯಿ ಮಾತಾಡಿ ನಾಲ್ಕು ದಶಕ ದಾಟಿದ ಮೇಲೆ ಮಗಳಿಗೆ ಮಾತಾಡುವ ಸರದಿ ಸಿಕ್ಕಿತು.

ನಾನು ಈ ಇತಿಹಾಸವನ್ನು ನೋಡುವುದು ಗದಗ ಸೀಮೆಯ ರೋಣ, ನರಗುಂದ, ಗಜೇಂದ್ರಗಡದ ಓಣಿಗಳಿಂದ. ಚಿತ್ರೀಕರಿಸಿದ ಚಿಕಿತ್ಸೆಯ ಬಗ್ಗೆ ಬರೆಯುವವರೆಲ್ಲ ಕೇಳುವುದು, ರೋಗಿ ಒಪ್ಪಿದ್ದರೇ ಎಂದು. ಕೇಳಲೇಬೇಕಾದ ಪ್ರಶ್ನೆ ಅದು. ಆದರೆ ಮನಸ್ಸಿನ ಮಾತು ಒಬ್ಬರದೇ ಆಗಿರುವುದಿಲ್ಲ. ಹೆಂಡತಿ ಬಾಯಿ ಬಿಟ್ಟರೆ ಗಂಡ, ಅತ್ತೆ, ಮೈದುನ, ಮಕ್ಕಳೆಲ್ಲ ಆ ಮಾತಿನೊಳಗೆ ಬರುತ್ತಾರೆ. ಅವರಲ್ಲಿ ಯಾರನ್ನೂ ಯಾರೂ ಕೇಳಿರುವುದಿಲ್ಲ. ನಮ್ಮ ಕಡೆ ಮುಖ ಮಸುಕು ಮಾಡಿದರೂ ಪ್ರಯೋಜನ ಕಡಿಮೆ. ದನಿ, ಹಿಂದೆ ಕಾಣುವ ಬಾಗಿಲು, ಮನೆಯ ಅಡ್ಡಹೆಸರಿನ ಒಂದು ಅಕ್ಷರ ಸಾಕು, ಇಂಥವರ ಮನಿ ಎಂದು ಮೂರು ತಾಲೂಕಿನಲ್ಲಿ ಗುರುತು ಹತ್ತುತ್ತದೆ.

ಕ್ಯಾಮೆರಾ ವೈದ್ಯಕೀಯಕ್ಕೆ ಬಂದದ್ದು ಸಿನಿಮಾ ಹುಟ್ಟಿದ ಬೆನ್ನಿಗೇ. ರುಮೇನಿಯಾದ ನರರೋಗ ತಜ್ಞ ಗಿಯೋರ್ಗೆ ಮರಿನೆಸ್ಕು 1898ರಿಂದಲೇ ರೋಗಿಗಳ ನಡಿಗೆಯನ್ನು ಚಿತ್ರೀಕರಿಸಿದರು. ಮೊದಲ ಮಹಾಯುದ್ಧದಲ್ಲಿ ಮನಸ್ಸು ಜರ್ಜರಿತವಾಗಿ ನಡುಗುತ್ತಿದ್ದ ಸೈನಿಕರನ್ನು ಆರ್ಥರ್ ಹರ್ಸ್ಟ್ ಇಂಗ್ಲೆಂಡಿನಲ್ಲಿ ಚಿತ್ರೀಕರಿಸಿದರು. ಇವೆಲ್ಲ ದೇಹವನ್ನು ನೋಡಿದ ಮೂಕಿ ಚಿತ್ರಗಳು. ಮಾತು ಸಿಕ್ಕಿದ್ದು ರೋಜರ್ಸ್ ಕೈಯಲ್ಲಿ. ಅವರು ಸಮಾಲೋಚನೆಯನ್ನು ಗ್ರಾಮಫೋನ್ ತಟ್ಟೆಗಳಲ್ಲಿ ಮುದ್ರಿಸಿಕೊಂಡು, ಒಬ್ಬನ ಚಿಕಿತ್ಸೆಯ ಪೂರ್ತಿ ಮಾತುಕತೆಯನ್ನು ಹೆಸರು ಬದಲಿಸಿ 1942ರಲ್ಲಿ ಪುಸ್ತಕದಲ್ಲಿ ಅಚ್ಚು ಹಾಕಿಸಿದರು. ಮುಚ್ಚಿದ ಬಾಗಿಲ ಹಿಂದೆ ಚಿಕಿತ್ಸಕ ನಿಜಕ್ಕೂ ಏನು ಮಾಡುತ್ತಾನೆ ಎಂಬುದನ್ನು ಬೇರೆಯವರು ಪರೀಕ್ಷಿಸಲು ಆಗ ದಾರಿಯಾಯಿತು. ಆ ಲಾಭ ದೊಡ್ಡದು, ಅದನ್ನು ಅಲ್ಲಗಳೆಯಲಾರೆ.

ಇನ್ನೊಂದು ಚಿತ್ರದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಜೇಮ್ಸ್ ರಾಬರ್ಟ್‌ಸನ್ 1952ರಲ್ಲಿ ಲಂಡನ್ನಿನಲ್ಲಿ, ಸಣ್ಣ ಶಸ್ತ್ರಚಿಕಿತ್ಸೆಗೆ ಎಂಟು ದಿನ ಆಸ್ಪತ್ರೆ ಸೇರಿದ ಎರಡೂವರೆ ವರ್ಷದ ಹುಡುಗಿಯೊಬ್ಬಳನ್ನು ಚಿತ್ರೀಕರಿಸಿದರು. ಆಗ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ತಾಯಿ ಮಗುವಿನ ಹತ್ತಿರ ಉಳಿಯುವಂತಿರಲಿಲ್ಲ, ಭೇಟಿಗೆ ಗಡಿಯಾರದ ಲೆಕ್ಕ. ಬೇಕಾದ ಅಳುವನ್ನಷ್ಟೇ ಆರಿಸಿಕೊಂಡರು ಎಂಬ ಆರೋಪ ಬರದಿರಲೆಂದು ಅವರು ಪ್ರತಿದಿನ ಗೊತ್ತುಪಡಿಸಿದ ಹೊತ್ತಿನಲ್ಲೇ, ಗೋಡೆಯ ಗಡಿಯಾರ ಕಾಣುವಂತೆ ಚಿತ್ರ ತೆಗೆದರು. ಮೊದಲು ನೋಡಿದ ವೈದ್ಯರು ಸಿಟ್ಟಾದರು. 1959ರಲ್ಲಿ ಬ್ರಿಟನ್ನಿನ ಪ್ಲ್ಯಾಟ್ ವರದಿ, ತಾಯಂದಿರಿಗೆ ಆಸ್ಪತ್ರೆಯ ಬಾಗಿಲು ತೆರೆಯಿರಿ ಎಂದಿತು. ಆ ಬದಲಾವಣೆಯಲ್ಲಿ ಈ ಚಿತ್ರದ ಪಾಲು ಸಣ್ಣದಲ್ಲ. ಒಂದು ಮಗುವಿನ ಅಳು ಸಾವಿರಾರು ಮಕ್ಕಳಿಗೆ ತಾಯಿಯ ಮಡಿಲು ತಂದುಕೊಟ್ಟಿತು. ಅಷ್ಟಾದರೂ ತನ್ನ ಅಳುವನ್ನು ಜಗತ್ತಿಗೆ ತೋರಿಸಬಹುದೇ ಎಂದು ಉತ್ತರಿಸುವ ವಯಸ್ಸು ಆ ಹುಡುಗಿಗೆ ಇರಲಿಲ್ಲ. ಈ ಕ್ಷೇತ್ರದ ಒಳಿತು ಕೆಡುಕು ಎರಡೂ ಆ ಎಂಟು ದಿನಗಳಲ್ಲೇ ಇವೆ.

1960ರ ದಶಕದಲ್ಲಿ ಅಮೆರಿಕದಲ್ಲಿ ಕುಟುಂಬ ಚಿಕಿತ್ಸೆ ಬೆಳೆಯಿತು. ಇಡೀ ಮನೆಯನ್ನೇ ಕೂರಿಸಿ ಮಾತಾಡಿಸುವುದು, ಒಂದೇ ಕಡೆಯಿಂದ ಕಾಣುವ ಗಾಜಿನ ಹಿಂದೆ ಕಲಿಯುವವರು ಕೂತು ನೋಡುವುದು ರೂಢಿಯಾಯಿತು. ವಿಡಿಯೊ ಟೇಪು ಬಂದ ಮೇಲೆ ಗಂಡ ಹೆಂಡತಿಗೆ ಅವರದೇ ಜಗಳವನ್ನು ಮತ್ತೆ ತೋರಿಸುವ ಪ್ರಯೋಗಗಳೂ ನಡೆದವು. 1968ರ 'ಹಿಲ್‌ಕ್ರೆಸ್ಟ್ ಫ್ಯಾಮಿಲಿ' ಸರಣಿಯಲ್ಲಿ ಒಂದೇ ಕುಟುಂಬವನ್ನು ನಾಲ್ವರು ಹೆಸರಾಂತ ಚಿಕಿತ್ಸಕರು ಬೇರೆಬೇರೆಯಾಗಿ ಮಾತಾಡಿಸಿದ್ದಾರೆ. ಅದೇ ಹೊತ್ತಿಗೆ, 1967ರಲ್ಲಿ, ಫ್ರೆಡರಿಕ್ ವೈಸ್‌ಮನ್ ಮ್ಯಾಸಚೂಸೆಟ್ಸ್‌ನ ಬ್ರಿಜ್‌ವಾಟರ್ ಸಂಸ್ಥೆಯೊಳಗಿನ ಮಾನಸಿಕ ರೋಗಿಗಳನ್ನು ತೋರಿಸಿದ 'ಟಿಟಿಕಟ್ ಫಾಲೀಸ್' ಚಿತ್ರ ನ್ಯಾಯಾಲಯದ ಮೆಟ್ಟಿಲೇರಿತು. ಸಾರ್ವಜನಿಕ ಪ್ರದರ್ಶನಕ್ಕೆ ಬಿದ್ದ ತಡೆ ತೆರವಾದದ್ದು 1991ರಲ್ಲಿ.

ನಮ್ಮ ದೇಶ ಹಿಡಿದ ದಾರಿ ಬೇರೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಅಂಗಳದಲ್ಲಿ ಡಾ. ವಿದ್ಯಾಸಾಗರ್ ಡೇರೆ ಹೊಡೆಸಿ, ರೋಗಿಯ ಜೊತೆ ಮನೆಯವರನ್ನೂ ಉಳಿಸಿಕೊಂಡರು. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು, 1974ರಲ್ಲಿ ಅದು ನಿಮ್ಹಾನ್ಸ್ ಆಯಿತು. ಅಲ್ಲಿ ಕುಟುಂಬ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರ ಬೆಳೆಯಿತು. 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ಮನೋರೋಗಕ್ಕೆ ಔಷಧಿ ಸಿಗುವಂತೆ ಮಾಡಿದ ಪ್ರಯೋಗವೇ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ. ನಮ್ಮ ಭಾಗಕ್ಕೆ ಮಾತ್ರ ಬಹುಕಾಲ ಧಾರವಾಡದ ಆಸ್ಪತ್ರೆಯೇ ಗತಿ. ಧಾರವಾಡಕ್ಕ ಕಳಸಬೇಕು ಎಂಬುದು ನಮ್ಮಲ್ಲಿ ಬೈಗುಳವಾಗಿ ಉಳಿದಿರುವುದರಿಂದಲೇ, ಎಷ್ಟೋ ಮನೆಗಳು ನಸುಕಿನ ಬಸ್ಸು ಹಿಡಿದು, ನೆಂಟರ ಮನೆಗೆಂದು ಹೇಳಿ ಹೋಗಿಬರುತ್ತಿದ್ದವು. 2014ರಲ್ಲಿ ಶುರುವಾದ ಮನೋಚೈತನ್ಯ ಕಾರ್ಯಕ್ರಮದಿಂದ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರನ್ನು ಕಾಣುವ ಅವಕಾಶ ಬಂತು. ಊರ ಹತ್ತಿರವೇ ಚಿಕಿತ್ಸೆ ಸಿಗುವುದು ದೊಡ್ಡ ನೆರವು. ಸಾಲಿನಲ್ಲಿ ಯಾರು ಕೂತಿದ್ದಾರೆ ಎಂದು ಊರವರು ನೋಡುವುದೂ ಅಷ್ಟೇ ಸುಲಭವಾಯಿತು.

ಕನ್ನಡ ಈ ಗುಟ್ಟಿಗೆ ತನ್ನದೇ ದಾರಿ ಕಂಡುಕೊಂಡಿತ್ತು. ಮನಶ್ಶಾಸ್ತ್ರ ಓದಿದ್ದ ತ್ರಿವೇಣಿ ಕಾದಂಬರಿಗಳಲ್ಲಿ ಮನೋರೋಗವನ್ನು ಮನೆಯೊಳಗಿನ ಸಂಗತಿಯಾಗಿ ಬರೆದರು. ಅವರ 'ಶರಪಂಜರ'ವನ್ನು ಪುಟ್ಟಣ್ಣ ಕಣಗಾಲ್ ತೆರೆಗೆ ತಂದಾಗ, ರೋಗ ವಾಸಿಯಾಗಿ ಬಂದ ಕಾವೇರಿಯನ್ನು ಮನೆ ಮತ್ತು ಊರು ಹೇಗೆ ಮತ್ತೆ ರೋಗಿಯಾಗಿಸುತ್ತವೆ ಎಂಬುದನ್ನು ನಾಡು ಕಂಡಿತು. ಶಿವಮೊಗ್ಗದ ಮನೋವೈದ್ಯ ಡಾ. ಅಶೋಕ ಪೈ ತಮ್ಮ ವೃತ್ತಿಯ ಅನುಭವವನ್ನು ಕಥೆಯಾಗಿಸಿದರು. ಸುರೇಶ್ ಹೆಬ್ಳೀಕರ್ ನಿರ್ದೇಶನದ 'ಕಾಡಿನ ಬೆಂಕಿ' 1988ರಲ್ಲಿ ಹಾಗೆ ಬಂದ ಚಿತ್ರ. ಡಾ. ಸಿ. ಆರ್. ಚಂದ್ರಶೇಖರ್ ಕನ್ನಡದಲ್ಲಿ ನೂರಾರು ಪುಸ್ತಕ ಬರೆದು, ಹೆಸರಿಲ್ಲದ ಪತ್ರಗಳಿಗೆ ಉತ್ತರಿಸಿ ಮನೋರೋಗದ ಮಾತನ್ನು ಮನೆಮನೆಗೆ ಮುಟ್ಟಿಸಿದರು. ನನ್ನ ದೃಷ್ಟಿಯಲ್ಲಿ ಇದು ಕನ್ನಡದ ಹೆಮ್ಮೆಯ ಪರಂಪರೆ. ತಿಳಿವಳಿಕೆ ಎಲ್ಲರಿಗೂ ಸಿಕ್ಕಿತು, ಯಾರ ಮನೆಯ ಹೊಸ್ತಿಲೂ ಬಯಲಾಗಲಿಲ್ಲ. ಕಾವೇರಿಯ ನೋವು ಕಂಡು ಅತ್ತವರು ಯಾವ ನಿಜವಾದ ಹುಡುಗಿಯ ಮದುವೆಯನ್ನೂ ಮುರಿಯಲಿಲ್ಲ.

ಆ ಪರಂಪರೆಗೆ ಪೆಟ್ಟು ಬಿದ್ದದ್ದು ಟಿವಿಯಿಂದ. ಜೀ ಕನ್ನಡದಲ್ಲಿ ಮಾಳವಿಕಾ ಅವಿನಾಶ್ ನಡೆಸಿಕೊಟ್ಟ 'ಬದುಕು ಜಟಕಾ ಬಂಡಿ'ಯಂಥ ಕಾರ್ಯಕ್ರಮಗಳಲ್ಲಿ ಗಂಡ ಹೆಂಡತಿ, ಅತ್ತೆ ಸೊಸೆ, ಪ್ರೀತಿಸಿ ಓಡಿಹೋದವರು ಸ್ಟುಡಿಯೊಕ್ಕೆ ಬಂದು ತಮ್ಮ ವ್ಯಾಜ್ಯ ಹೇಳಿಕೊಂಡರು. ನ್ಯಾಯಾಲಯಕ್ಕೆ ಅಲೆಯಲಾರದ ಬಡವರಿಗೆ, ಮುಖ್ಯವಾಗಿ ಹೆಂಗಸರಿಗೆ, ತಮ್ಮ ಮಾತು ಕೇಳುವವರು ಅಲ್ಲಿ ಸಿಕ್ಕರು ಎಂಬುದನ್ನು ಮರೆಯಬಾರದು. ಆದರೆ ಆ ಮಾದರಿಯೊಳಗೇ ತೊಡಕಿದೆ. ಸಮಾಲೋಚನೆಗೆ ತಾಳ್ಮೆ ಬೇಕು, ಪ್ರಸಾರಕ್ಕೆ ಕಣ್ಣೀರು ಬೇಕು. ದಂಪತಿ ರಾಜಿಯಾಗಿ ಊರಿಗೆ ಬಂದರೂ ಆ ಸಂಚಿಕೆ ರಾಜಿಯಾಗುವುದಿಲ್ಲ. ಯೂಟ್ಯೂಬಿಗೆ ಬಿದ್ದಂಥದ್ದು ಹತ್ತು ವರ್ಷದ ಮೇಲೂ ಹುಡುಕಿದರೆ ಸಿಗುತ್ತದೆ. ಅಂದು ತಾಯಿಯ ಕಂಕುಳಲ್ಲಿದ್ದ ಕೂಸು ಇಂದು ಶಾಲೆಯಲ್ಲಿ ಕೂತಿರುತ್ತದೆ, ಪಕ್ಕದವನ ಕೈಯಲ್ಲಿ ಫೋನಿರುತ್ತದೆ. ತಮಿಳಿನ ಇಂಥದೇ ಕಾರ್ಯಕ್ರಮವೊಂದರ ಪ್ರಸಾರಕ್ಕೆ ಮದ್ರಾಸ್ ಹೈಕೋರ್ಟಿನ ಮದುರೈ ಪೀಠ 2018ರಲ್ಲಿ ತಡೆ ಕೊಟ್ಟಿತ್ತು.

ಈಗ ಸ್ಟುಡಿಯೊ ಕೂಡ ಬೇಕಿಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ನರಗುಂದದ ಕೊಣ್ಣೂರು, ಲಖಮಾಪುರ, ರೋಣದ ಹೊಳೆಆಲೂರು ಸುತ್ತಿನ ಊರುಗಳು ನೀರಿಗೆ ಸಿಕ್ಕಾಗ, ಮನೆ ಬಿಟ್ಟು ಬಂದವರ ಅಳು ಎಷ್ಟೋ ಫೋನುಗಳಲ್ಲಿ ತುಂಬಿಕೊಂಡಿತು. ಪರಿಹಾರ ಬೇಗ ಬರಲು ಅಂಥ ದೃಶ್ಯಗಳು ನೆರವಾಗಿರಬಹುದು. ಗಾಳಿ ಸೋಕಿದೆ, ದೆವ್ವ ಹಿಡಿದಿದೆ ಎಂದು ಗುಡಿಗೋ ದರ್ಗಾಕ್ಕೋ ಕರೆತಂದ ಹೆಣ್ಣುಮಕ್ಕಳು ಕೂದಲು ಬಿಚ್ಚಿ ಆಡುವುದನ್ನು ಚಿತ್ರೀಕರಿಸಿ ಹರಿಯಬಿಡುವುದಕ್ಕೆ ಮಾತ್ರ ಯಾವ ಸಮರ್ಥನೆಯೂ ಇಲ್ಲ. ಆಕೆ ಮರುದಿನ ಎಚ್ಚೆತ್ತು ಕೂಲಿಗೆ ಹೋಗುತ್ತಾಳೆ. ಮುಂದಿನ ವರ್ಷ ಮದುವೆಗೆಂದು ಆಕೆಯ ತಂಗಿಯನ್ನು ನೋಡಲು ಬಂದವರು ಏನನ್ನೂ ಕೇಳದೆ ಎದ್ದುಹೋಗುತ್ತಾರೆ, ಯಾಕೆಂದು ಮನೆಯವರಿಗೂ ಬಾಯಿಬಿಟ್ಟು ಹೇಳುವುದಿಲ್ಲ. ನಮ್ಮ ಸೀಮೆಯಲ್ಲಿ ಇಂಥ ವಿಡಿಯೊದ ಗಾಯ ತಾಗುವುದು ಹೆಚ್ಚಾಗಿ ಹೀಗೆ, ಚಿತ್ರದಲ್ಲಿ ಇಲ್ಲದವರಿಗೆ.

ಅದೇ ಫೋನು ಮನೆಯ ಬೆಳಕೂ ಆಗಿದೆ. ಮಗುವಿಗೆ ಫಿಟ್ಸ್ ಬಂದಾಗ ಮನೆಯವರು ತೆಗೆದ ಒಂದು ನಿಮಿಷದ ವಿಡಿಯೊ, ನರರೋಗ ತಜ್ಞರಿಗೆ ಹತ್ತು ಪ್ರಶ್ನೆಗಿಂತ ಹೆಚ್ಚು ತಿಳಿಸುತ್ತದೆ. ಬಂದದ್ದು ಮೂರ್ಛೆರೋಗವೋ ಬೇರೆಯೋ ಎಂದು ಗುರುತಿಸಲು ವೈದ್ಯರೇ ಅದನ್ನು ಕೇಳುತ್ತಾರೆ. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ 65 ಆಟಿಸಂ ಮಕ್ಕಳ ಮೇಲೆ ನಡೆದ 'ಪಾಸ್' ಅಧ್ಯಯನದಲ್ಲಿ, ತಜ್ಞರಲ್ಲದ ಆರೋಗ್ಯ ಕಾರ್ಯಕರ್ತರು ತಾಯಿ ಮಗು ಆಡುವುದನ್ನು ಚಿತ್ರೀಕರಿಸಿ, ತಾಯಿಯ ಜೊತೆಗೇ ಕೂತು ನೋಡಿದರು. ಮಗು ಕಣ್ಣೆತ್ತಿದ ಗಳಿಗೆ ಯಾವುದು, ತಾಯಿ ಕಾದಿದ್ದರೆ ಏನಾಗುತ್ತಿತ್ತು ಎಂದು ಇಬ್ಬರೂ ಮಾತಾಡಿಕೊಂಡರು. ತಾಯಂದಿರ ಸ್ಪಂದನೆ, ಮಕ್ಕಳು ತಾವಾಗಿ ಮಾತಿಗೆ ತೊಡಗುವುದು ಎರಡೂ ಹೆಚ್ಚಿದವು. 2016ರಲ್ಲಿ ಫಲಿತಾಂಶ 'ಲ್ಯಾನ್ಸೆಟ್ ಸೈಕಿಯಾಟ್ರಿ'ಯಲ್ಲಿ ಪ್ರಕಟವಾಯಿತು. ಗೋವಾ ನಮ್ಮವರು ದುಡಿಯಲು ಗುಳೆ ಹೋಗುವ ನಾಡು. ರೋಣ, ಗಜೇಂದ್ರಗಡದ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರ ಕೈಯಿಂದ ಇಂಥದು ಆಗಲಾರದು ಎನ್ನಲು ಕಾರಣ ಕಾಣುವುದಿಲ್ಲ. ಇಲ್ಲಿ ಗಮನಿಸಬೇಕಾದದ್ದು, ಆ ಚಿತ್ರವನ್ನು ನೋಡಿದ್ದು ಯಾರ ಬದುಕಿನದ್ದೋ ಅವರೇ.

ಕಾನೂನು ತಡವಾಗಿಯಾದರೂ ಎಚ್ಚೆತ್ತಿದೆ. 2018ರ ಮೇ ತಿಂಗಳಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 24ನೇ ಕಲಮಿನ ಪ್ರಕಾರ, ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆಯುವವರ ಫೋಟೊ, ಮಾಹಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಕೊಡುವಂತಿಲ್ಲ; ಡಿಜಿಟಲ್ ರೂಪದಲ್ಲಿ ಇಟ್ಟದ್ದಕ್ಕೂ ಈ ಗೋಪ್ಯತೆ ಅನ್ವಯ. ಕೌಟುಂಬಿಕ ನ್ಯಾಯಾಲಯಗಳ ವಿಷಯದಲ್ಲಿ 2017ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು, ರಾಜಿ ಮಾತುಕತೆಯ ಹಂತದಲ್ಲಿ ವಿಡಿಯೊ ಕಾನ್ಫರೆನ್ಸ್ ಬೇಡ ಎಂದು ಬಹುಮತದಿಂದ ಹೇಳಿತು. ಮನೆಯವರು ಮುಖಾಮುಖಿ ಕೂತು, ಗುಟ್ಟು ಉಳಿಯುವ ಭರವಸೆಯಲ್ಲಿ ಮಾತಾಡಬೇಕೆಂಬುದು ಅದರ ಹಿಂದಿನ ಕಾಳಜಿ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ, 14416, ಕರೆಯಿಂದ ಆರಂಭವಾಗಿ 2024ರಲ್ಲಿ ವಿಡಿಯೊ ಸಮಾಲೋಚನೆಗೂ ಬಂದಿದೆ. ಮೊದಲು ಅದು ಸಿಕ್ಕ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಧಾರವಾಡದ ಬಸ್ಸಿನ ಅಂಜಿಕೆ ಇರುವ ಮನೆಗಳಿಗೆ ಇದು ನಿಜವಾದ ಆಸರೆ. ಆದರೆ ಎರಡು ಕೋಣೆಯ ಮನೆಯಲ್ಲಿ ಆ ಕರೆಯನ್ನು ಬೇರೆ ಯಾರು ಕೇಳಿಸಿಕೊಳ್ಳುತ್ತಿದ್ದಾರೆ ಎಂಬುದು ಯಾವ ಕಾಯ್ದೆಯ ಕೈಗೂ ಸಿಗುವುದಿಲ್ಲ. ಗುಡಿಯಲ್ಲಿ ಫೋನು ಹಿಡಿದವನೂ 24ನೇ ಕಲಮಿನ ಹೊರಗೇ ಉಳಿಯುತ್ತಾನೆ.

ಹಾಗಾಗಿ ಮುಂದಿನ ಕೆಲಸ ಒಪ್ಪಿಗೆಯ ಕಾಗದದಲ್ಲಿದೆ. ಇಂದು ಅದು ಒಂದು ಸಲ, ಸಂಕಟದ ನಡುವೆ, ಒಬ್ಬರಿಂದ ಹಾಕಿಸಿಕೊಳ್ಳುವ ಸಹಿ ಅಥವಾ ಹೆಬ್ಬೆಟ್ಟು. ನನ್ನ ಪ್ರಕಾರ ಚಿತ್ರೀಕರಣದ ದಿನದ ಒಪ್ಪಿಗೆ ಬೇರೆ, ರೋಗಿ ಚೇತರಿಸಿಕೊಂಡ ಮೇಲೆ ಚಿತ್ರವನ್ನು ತಾನೇ ನೋಡಿ ಕೊಡುವ ಒಪ್ಪಿಗೆ ಬೇರೆ ಆಗಬೇಕು. ಮಾತಿನಲ್ಲಿ ಹೆಸರು ಬಂದ ಮನೆಮಂದಿಗೆ ಅದು ತಿಳಿದಿರಬೇಕು, ಬೇಡವೆಂದರೆ ಆ ಭಾಗ ತೆಗೆಯಬೇಕು. ಮಗುವಿನ ವಿಷಯವಿದ್ದರೆ ತಂದೆತಾಯಿಯ ಸಹಿ 18 ವರ್ಷದವರೆಗೆ ಮಾತ್ರ ನಡೆಯಬೇಕು. ಆಮೇಲೆ ಸಂಸ್ಥೆಯೇ ಆ ಮಗನನ್ನೋ ಮಗಳನ್ನೋ ಹುಡುಕಿ ಕೇಳಬೇಕು, ಉತ್ತರ ಬರದಿದ್ದರೆ ಅಳಿಸಬೇಕು. ಕಲಿಸಲು ದೃಶ್ಯ ಬೇಕೇಬೇಕೆಂದರೆ, ಅದೇ ಮಾತುಕತೆಯನ್ನು ವಿವರ ಬದಲಿಸಿ ನಟರಿಂದ ಆಡಿಸಬಹುದು. ನಾಟಕದ ಕಂಪನಿಗಳನ್ನು ಸಾಕಿದ ಗದಗ ಸೀಮೆಯಲ್ಲಿ ಒಬ್ಬ ಅತ್ತೆಯ, ಒಬ್ಬ ಸೊಸೆಯ ಪಾತ್ರ ಮಾಡುವವರಿಗೆ ಬರವಿಲ್ಲ.