ಅಲುಗಿದ ಛಾಯಾಚಿತ್ರಗಳ ಪುನರುದ್ಧಾರ

ಛಾಯಾಚಿತ್ರವನ್ನು ತೆಗೆಯುವಾಗ ಕೈ ಅಲುಗಿದರೆ ಚಿತ್ರವು ಮಸುಕಾಗುವುದೆಂಬುದು ಸರ್ವವಿದಿತ. ಹಾಗೆ ಮಸುಕಾದುದರಲ್ಲಿ ಮೂಲರೂಪವು ನಾಶವಾಗಿರುವುದೋ, ಮರೆಯಾಗಿ ಮಾತ್ರ ಇರುವುದೋ? ಚಿತ್ರಗಳನ್ನು ಪ್ರಮಾಣವಾಗಿ ಹಿಡಿಯುವ ಚರಿತ್ರಕಾರರು ಇದನ್ನು ವಿಚಾರಿಸುವುದು ಅವಶ್ಯಕ.

ಕ್ಯಾಮರಾದ ಕಣ್ಣು ತೆರೆದಿರುವಷ್ಟು ಹೊತ್ತು ಯಂತ್ರವು ಅಲುಗಿದರೆ, ದೃಶ್ಯದ ಒಂದೊಂದು ಬಿಂದುವೂ ಗೆರೆಯಾಗಿ ಹರಡುತ್ತದೆ. ಈ ಗೆರೆಯ ಆಕಾರವು ತಿಳಿದಲ್ಲಿ, ಹರಡಿದ ಬೆಳಕನ್ನು ಗಣಿತದಿಂದ ಮರಳಿ ಕೂಡಿಸಬಹುದು. ಆದರೆ ನೇರವಾಗಿ ಹಾಗೆ ಮಾಡಿದರೆ, ಚಿತ್ರದಲ್ಲಿ ಸಹಜವಾಗಿ ಸೇರಿರುವ ಕಾಳುಕಾಳಾದ ಕಲೆಗಳೂ ಬೆಳೆದು ರೂಪವನ್ನೇ ನುಂಗುವುವು. ನಾರ್ಬರ್ಟ್ ವೀನರ್ ಎಂಬ ಅಮೆರಿಕದ ಪಂಡಿತರು ೧೯೪೯ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿನ ಶೋಧನಕ್ರಮವು ಮುಂದೆ ಈ ದೋಷದ ನಿವಾರಣೆಗೂ ಒದಗಿತು. ೧೯೭೨ರಲ್ಲಿ ವಿಲಿಯಂ ರಿಚರ್ಡ್‌ಸನ್ನರೂ ೧೯೭೪ರಲ್ಲಿ ಲಿಯಾನ್ ಲೂಸಿಯವರೂ, ಊಹಿಸಿದ ಚಿತ್ರವನ್ನು ಹಂತಹಂತವಾಗಿ ತಿದ್ದುತ್ತ ಹೋಗುವ ಕ್ರಮವನ್ನು ಬೇರೆಬೇರೆಯಾಗಿ ಕಂಡುಹಿಡಿದರು. ೧೯೯೦ರಲ್ಲಿ ಆಕಾಶಕ್ಕೇರಿದ ಹಬಲ್ ದೂರದರ್ಶಕದ ಕನ್ನಡಿಯು ದೋಷಯುಕ್ತವೆಂದು ತಿಳಿದಾಗ, ೧೯೯೩ರಲ್ಲಿ ಅದನ್ನು ಸರಿಪಡಿಸುವವರೆಗೂ ಖಗೋಳಜ್ಞರಿಗೆ ಈ ಕ್ರಮವು ನೆರವಾಯಿತು.

ಕನ್ನಡಿಯ ದೋಷವು ಸ್ಥಿರವಾದುದು. ನಕ್ಷತ್ರದ ಬಿಂದುವನ್ನು ನೋಡಿ ಅದನ್ನು ಅಳೆಯಬಹುದು. ಕೈಯ ನಡುಕವಾದರೋ ಪ್ರತಿ ಸಲವೂ ಬೇರೆ. ಆದುದರಿಂದ ಗೆರೆಯ ಆಕಾರವನ್ನೂ ಮೂಲಚಿತ್ರವನ್ನೂ ಒಂದೇ ಮಸುಕಿನಿಂದ ಊಹಿಸಬೇಕಾಗುತ್ತದೆ. ೨೦೦೬ರಲ್ಲಿ ರಾಬ್ ಫರ್ಗಸ್ ಮತ್ತು ಅವರ ನಾಲ್ವರು ಸಹೋದ್ಯೋಗಿಗಳು ಇದಕ್ಕೊಂದು ಮಾರ್ಗವನ್ನು ತೋರಿಸಿದರು. ಲೋಕದ ದೃಶ್ಯಗಳಲ್ಲಿ ಸಮವಾದ ಭಾಗವೇ ಹೆಚ್ಚು, ಸ್ಫುಟವಾದ ಅಂಚುಗಳು ವಿರಳ ಎಂಬ ನಿಯಮವೇ ಅವರಿಗೆ ಆಧಾರ. ೨೦೧೩ರಲ್ಲಿ ಫೋಟೋಶಾಪ್ ತಂತ್ರಾಂಶದಲ್ಲಿಯೂ ನಡುಕವನ್ನು ಕಳೆಯುವ ಸಾಧನವೊಂದು ಸೇರಿ, ಈ ವಿದ್ಯೆಯು ಜನಸಾಮಾನ್ಯರ ಕೈಗೆ ಬಂದಿತು.

ಇಲ್ಲಿಯವರೆಗಿನದು ಇದ್ದುದನ್ನು ಹೊರತೆಗೆಯುವ ಪ್ರಯತ್ನ. ಇತ್ತೀಚಿನ ಯಂತ್ರಗಳಾದರೋ ಅಸಂಖ್ಯ ಚಿತ್ರಗಳಿಂದ ಕಲಿತು, ಅಳಿದುಹೋದ ಭಾಗವನ್ನು ಸಂಭಾವ್ಯವಾದುದರಿಂದ ತುಂಬಬಲ್ಲವು. ಕಣ್ಣಿಗೆ ಇದು ಹಿತ; ಪ್ರಮಾಣಕ್ಕೆ ಅಪಾಯ. ಶಿಲಾಶಾಸನದ ಅಲುಗಿದ ಚಿತ್ರವೊಂದರಲ್ಲಿ ಪಕಾರವೋ ವಕಾರವೋ ಎಂದು ತಿಳಿಯದ ಅಕ್ಷರವನ್ನು ಯಂತ್ರವು ಸ್ಪಷ್ಟವಾದ ಪಕಾರವಾಗಿ ತೋರಿಸಿತೆನ್ನೋಣ. ಆ ಸ್ಪಷ್ಟತೆಯು ಕಲ್ಲಿನದಲ್ಲ, ಯಂತ್ರದ್ದು; ಅದನ್ನು ನಂಬಿದಲ್ಲಿ ಒಂದು ಊರಿನ ಹೆಸರೇ ಬದಲಾಗಬಹುದು.

ಆದುದರಿಂದ ಮೂಲಚಿತ್ರವನ್ನು ಎಂದಿಗೂ ತ್ಯಜಿಸಕೂಡದು. ತಿದ್ದಿದ ಕ್ರಮವನ್ನು ಚಿತ್ರದೊಡನೆಯೇ ಬರೆದಿಡತಕ್ಕದ್ದು. ಸಂದಿಗ್ಧವಾದ ಅಕ್ಷರಕ್ಕೆ ಮರಳಿ ಕಲ್ಲಿನ ಬಳಿಗೇ ಹೋಗತಕ್ಕದ್ದು. ಕಲ್ಲು ಉಳಿಯದ ಕಡೆ, ಸಂದೇಹವನ್ನು ಸಂದೇಹವಾಗಿಯೇ ಮುದ್ರಿಸುವುದು ಸತ್ಯಕ್ಕೆ ಸಮೀಪವಾದುದು.